ಆಕ್ಸ್‌ಫರ್ಡ್ ಮಂಡಿ ಅಂಕಪಟ್ಟಿಗೊಂದು ಬಹಿರಂಗ ಪತ್ರ

ಮಾನ್ಯ ಆಕ್ಸ್‌ಫರ್ಡ್ ನೀ ಸ್ಕೋರ್ ಅವರಿಗೆ,

ಬೆಂಗಳೂರಿನಿಂದ ಸಾಷ್ಟಾಂಗ ನಮಸ್ಕಾರ. ಮಂಡಿ ಬಗ್ಗದೆ ಸಾಷ್ಟಾಂಗವಿಲ್ಲ, ಆ ಮಂಡಿಯ ಯೋಗಕ್ಷೇಮ ವಿಚಾರಿಸುವವರು ತಾವೊಬ್ಬರೇ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ‘ಪೂರ್ತಿ ಸವೆದಿದೆ’ ಎಂದು ಮುಗಿಸುತ್ತಾರೆ. ಸ್ನಾನ ಮಾಡಿ ಮೈ ಒರೆಸಿಕೊಳ್ಳಲಾಗುತ್ತದೆಯೇ, ಮೆಟ್ಟಿಲಿಳಿಯುತ್ತೀರಾ, ರಾತ್ರಿ ನೋವಿದೆಯೇ ಎಂದೆಲ್ಲ ಕೇಳುವ ಪುಣ್ಯಾತ್ಮರು ತಾವು. 1998ರಿಂದ ಅವೇ 12 ಪ್ರಶ್ನೆ, ‘ಕಳೆದ ನಾಲ್ಕು ವಾರಗಳಲ್ಲಿ’ ಎಂಬ ಅದೇ ಪಲ್ಲವಿ.

ತಮ್ಮ ಲೆಕ್ಕಾಚಾರವೂ ಸೊಗಸು. ಮೊದಲು ಅಂಕ 12ರಿಂದ 60ರವರೆಗಿತ್ತು. 60 ತೆಗೆದವರೇ ಎಲ್ಲರಿಗಿಂತ ಹೆಚ್ಚು ನರಳುವವರು. ಫಸ್ಟ್ ರ‍್ಯಾಂಕ್ ಬಂದವರಿಗೆ ಆಪರೇಷನ್! 2007ರಲ್ಲಿ ತಮ್ಮನ್ನು ಹುಟ್ಟಿಸಿದವರೇ ತಲೆಕೆಳಗು ಮಾಡಲು ಹೇಳಿದರು. ಈಗ 0 ಅಂದರೆ ಅಧೋಗತಿ, 48 ಅಂದರೆ ಪರಮಸುಖ.

ಮೊನ್ನೆ ನಮ್ಮ ದೊಡ್ಡಮ್ಮನಿಗೂ ತಮ್ಮ ದರ್ಶನವಾಯಿತು. ಓಪಿಡಿಯಲ್ಲಿ ದಾರ ಕಟ್ಟಿದ ಪೆನ್ನು, ರಟ್ಟಿನ ಮೇಲೆ ತಾವು.

“ಅಜ್ಜಿ, ಊಟ ಆದ್ಮೇಲೆ ಕುರ್ಚಿಯಿಂದ ಏಳೋವಾಗ ಎಷ್ಟು ನೋವು?” ಸಿಸ್ಟರ್ ಕೇಳಿದರು.

“ಊಟಕ್ಕೆ ಕುರ್ಚಿ ಯಾಕಮ್ಮ? ನೆಲದ ಮೇಲೆ ಕೂತು ಉಣ್ತಿದ್ದೆ. ಈಗ ಕೂರೋಕಾಗಲ್ಲ, ಅಡುಗೆಮನೇಲಿ ನಿಂತ್ಕೊಂಡೇ ತಿಂತೀನಿ.”

ಇದಕ್ಕೆ ತಮ್ಮಲ್ಲಿ ಚೌಕವಿಲ್ಲ. ಸಿಸ್ಟರ್ ‘ಸ್ವಲ್ಪ ನೋವು’ ಎಂಬಲ್ಲಿ ಗೆರೆ ಎಳೆದರು. ಒಬ್ಬರೇ ಹೋಗಿ ಮನೆ ಸಾಮಾನು ತರುತ್ತೀರಾ ಅಂದಾಗ ದೊಡ್ಡಮ್ಮ, “ಅದೇನು ಕಷ್ಟ, ಮಗ ತರ‍್ತಾನೆ” ಅಂದರು. ‘ಸುಲಭವಾಗಿ’ ಎಂದು ದಾಖಲಾಗಿ ನಾಲ್ಕಕ್ಕೆ ನಾಲ್ಕು ಸಿಕ್ಕಿತು. ಅದು ಮಗನ ಮಂಡಿಗೆ ಬಂದ ಅಂಕ. ಚಕ್ಕಂಬಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕಕ್ಕಸಿಗೆ ಕೂರುವುದು ಸಿಲಬಸ್ಸಿನಲ್ಲೇ ಇಲ್ಲ. ಮಂಡಿಯೂರಿ ಏಳುತ್ತೀರಾ ಎಂಬುದು ಮಾತ್ರ ಇದೆ. ಚರ್ಚಿಗೆ ಹೋಗುವವರಿಗೆ ಅನುಕೂಲವಾಗಿರಬೇಕು.

ತಮ್ಮೂರಿನ ಸಂಪ್ರದಾಯ ಗೊತ್ತು. ಇಂಗ್ಲೆಂಡಿನ ಎನ್‌ಎಚ್‌ಎಸ್ 2009ರಿಂದ ಮಂಡಿ ಬದಲಿಸಿಕೊಳ್ಳುವವರಿಗೆ ಆಪರೇಷನ್ನಿಗೆ ಮುಂಚೆ ಒಮ್ಮೆ, ಆಗಿ ಆರು ತಿಂಗಳಿಗೆ ಒಮ್ಮೆ ತಮ್ಮನ್ನು ಕೊಡುತ್ತ ಬಂತು. ಆಸ್ಪತ್ರೆ ಆಸ್ಪತ್ರೆ ಹೋಲಿಸಿ ನೋಡಲು ಅದು ಒಳ್ಳೆಯ ಏರ್ಪಾಡೇ. ಆದರೆ ದೊಡ್ಡಮ್ಮ ಆಸ್ಪತ್ರೆಯಲ್ಲ. ಅವರಿಗೆ ಬಂದದ್ದು 21. ಪಕ್ಕದ ಬೆಂಚಿನ ಮೇಷ್ಟರಿಗೂ 21. ಮೇಷ್ಟರು ಮೆಟ್ಟಿಲಿಳಿಯಲಾರರು, ರಾತ್ರಿ ಗೊರಕೆ ಹೊಡೆಯುತ್ತಾರೆ. ದೊಡ್ಡಮ್ಮ ಮೆಟ್ಟಿಲಿಳಿಯುತ್ತಾರೆ, ಕಣ್ಣು ಮುಚ್ಚಲಾರರು. ಒಬ್ಬರಿಗೆ ಫಿಸಿಯೊ, ಇನ್ನೊಬ್ಬರಿಗೆ ಮೊದಲು ನಿದ್ದೆ ಬೇಕಾಗಿರಬಹುದು. ಮೊತ್ತ ಹಾಕಿದ ಮೇಲೆ ಇಬ್ಬರೂ ಒಬ್ಬರೇ. ಇಷ್ಟೆಲ್ಲ ಆಗಿ ಒಳಗೆ ಹೋದರೆ, ಡಾಕ್ಟರು ತಮ್ಮನ್ನು ಮಗುಚಿ ಬದಿಗಿಟ್ಟು ಎಕ್ಸ್‌ರೇ ಎಲ್ಲಿ ಅಂದರು.

ಆದ್ದರಿಂದ ಅರಿಕೆ. ಮೊತ್ತ ಆಡಿಟ್‌ನವರಿಗಿರಲಿ. ಫೈಲಿನ ತಳದಲ್ಲಿ ಅಡಗದೆ ಎಕ್ಸ್‌ರೇ ಕವರಿನ ಮೇಲೆಯೇ ಕೂತುಬಿಡಿ, ರಾತ್ರಿ ನೋವಿನ ಸಾಲಿಗೊಂದು ಕೆಂಪು ಗೆರೆ ಹಾಕಿಸಿಕೊಂಡು. ಡಾಕ್ಟರು ಕವರು ತೆಗೆಯುವ ಮೊದಲು ಆ ಒಂದು ಸಾಲು ಗಟ್ಟಿಯಾಗಿ ಓದಿದರೆ ಸಾಕು, ಅರ್ಧ ನಿಮಿಷದ ಕೆಲಸ. ಹದಿಮೂರನೆಯ ಪ್ರಶ್ನೆಗೆ ಜಾಗವಿದ್ದರೆ ನೆಲದ ಮೇಲೆ ಕೂತು ಏಳುವುದನ್ನು ಸೇರಿಸಿ. ದೊಡ್ಡಮ್ಮನ ಉತ್ತರ ಈಗಾಗಲೇ ಸಿದ್ಧವಿದೆ.

ಇಂತಿ,
ದೊಡ್ಡಮ್ಮನ ಪರವಾಗಿ ಸಹಿ ಹಾಕಿದವನು