ಅರ್ಜಿ ಡಾಕ್ಟರು

ದೊಡ್ಡ ಆಸ್ಪತ್ರೆಯಿರುವ ಊರುಗಳಲ್ಲೆಲ್ಲ ಈಗ ಇಂಥವರೊಬ್ಬರು ಇದ್ದೇ ಇರುತ್ತಾರೆ. ಎಂ.ಡಿ. ಮುಗಿದಿದೆ, ಸೀನಿಯರ್ ರೆಸಿಡೆಂಟ್ ಆಗಿದ್ದಾರೆ, ಮನೆಯಲ್ಲಿ ಮದುವೆಯ ಮಾತು ಎದ್ದಾಗಲೆಲ್ಲ 'ರಿಸಲ್ಟ್ ಬರಲಿ' ಅನ್ನುತ್ತಾರೆ. ಯಾವ ರಿಸಲ್ಟ್ ಎಂದು ಮನೆಯವರು ಕೇಳುವುದಿಲ್ಲ. ಪಿಯುಸಿಯಿಂದ ಈಚೆಗೆ ಆ ಮನೆಯವರು ಒಂದಲ್ಲ ಒಂದು ರಿಸಲ್ಟಿಗೆ ಕಾಯುತ್ತಲೇ ಬಂದವರು. ಹಗಲೆಲ್ಲ ಓಪಿಡಿಯಲ್ಲಿ ರೋಗಿಗಳನ್ನು ನೋಡಿ, ರಾತ್ರಿ ಡ್ಯೂಟಿ ರೂಮಿನ ಕಬ್ಬಿಣದ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು, ಕೃತಕ ಬುದ್ಧಿಮತ್ತೆಯನ್ನು ಚಿಕಿತ್ಸೆಗೆ ಬಳಸುವುದನ್ನು ಕಲಿಸುವ ಯಾವುದೋ ವಿದೇಶಿ ಫೆಲೋಶಿಪ್ಪಿಗೆ ಇವರು ಅರ್ಜಿ ತುಂಬುತ್ತಾರೆ. ಇವರು ದೊಡ್ಡ ಆಸೆ ಇಟ್ಟುಕೊಂಡಿದ್ದಾರೆ ಎನ್ನುವುದು ನನ್ನ ತಕರಾರಲ್ಲ. ಈ ವಿದ್ಯೆಗೆ ತುಂಬ ಬೇಕಾದ, ಆದರೆ ಅಪರೂಪಕ್ಕೆ ಸಿಗುವ ಒಂದು ತಿಳಿವಳಿಕೆ ಇವರ ಹತ್ತಿರ ದಂಡಿಯಾಗಿದೆ. ಅರ್ಜಿ ಬರೆಯಲು ಕೂತೊಡನೆ ಇವರು ಮೊದಲು ಹೊಡೆದುಹಾಕುವುದು ಅದನ್ನೇ. ತಕರಾರು ಅಷ್ಟೆ.

ಆ ತಿಳಿವಳಿಕೆ ಯಾವುದೆಂದರೆ, ಆಸ್ಪತ್ರೆಯ ಕಾಗದದ ಮೇಲೆ ಅಂಕಿ ಹುಟ್ಟುವ ಬಗೆ. ನೂಕುನುಗ್ಗಲಿನ ದಿನ ಸಾಲಿನಲ್ಲಿರುವ ಅರ್ಧ ಜನರ ಬಿಪಿ 120/80 ಆಗಿರುವುದು ಹೇಗೆ ಎಂದು ಇವರಿಗೆ ಗೊತ್ತು. 'ವಯಸ್ಸೆಷ್ಟಜ್ಜಿ?' ಎಂದರೆ 'ನೀವೇ ಬರ್ಕಳಿ ಸಾಮಿ, ಅರವತ್ತೋ ಎಪ್ಪತ್ತೋ' ಎಂಬ ಉತ್ತರ ಬರುತ್ತದೆಂದೂ, ಹಾಗಾಗಿ ನಮ್ಮ ರಿಜಿಸ್ಟರುಗಳಲ್ಲಿ ಐವತ್ತೊಂಬತ್ತರವರು ಕಡಿಮೆ, ಅರವತ್ತರವರು ವಿಪರೀತ ಎಂದೂ ಗೊತ್ತು. ಜನಗಣತಿಯವರು ಇದೇ ಕಾಟವನ್ನು ಅಳೆಯಲು ಒಂದು ಸೂಚ್ಯಂಕವನ್ನೇ ಇಟ್ಟುಕೊಂಡಿದ್ದಾರೆ. ಒಂದೇ ಹೆಸರಿನ ಇಬ್ಬರ ಕೇಸ್ ಶೀಟು ದಾಖಲೆ ವಿಭಾಗವಾದ ಎಂಆರ್‌ಡಿಯಲ್ಲಿ ಹೇಗೆ ಒಂದಾಗುತ್ತದೆ, 'ಫಾಲೋ ಅಪ್‌ಗೆ ಬರಲಿಲ್ಲ' ಎಂದರೆ ಗುಣವಾಯಿತೆಂದೋ, ಬಸ್ಸಿಗೆ ದುಡ್ಡಿರಲಿಲ್ಲವೆಂದೋ, ತೀರಿಕೊಂಡರೆಂದೋ? ಇದೆಲ್ಲ ಯಾವ ಆನ್‌ಲೈನ್ ಕೋರ್ಸಿನಲ್ಲೂ ಇಲ್ಲ. ಪರ್ಸನಲ್ ಸ್ಟೇಟ್‌ಮೆಂಟಿನ ಮೊದಲ ಕರಡಿನಲ್ಲಿ ಇದರ ಒಂದೆರಡು ಸಾಲು ಇರುವುದುಂಟು. ಎರಡನೆಯದರಲ್ಲಿ ಅವು ಹೋಗಿ ಅಜ್ಜಿ ಬರುತ್ತಾರೆ. ಸಕಾಲದಲ್ಲಿ ರೋಗ ಪತ್ತೆಯಾಗದೆ ನರಳಿದ, ಮೊಮ್ಮಗುವಿನ ಎಳೆಯ ಮನಸ್ಸಿನಲ್ಲಿ ತಂತ್ರಜ್ಞಾನದ ಬೀಜ ಬಿತ್ತಿಹೋದ ಅಜ್ಜಿ. ಫೆಲೋಶಿಪ್ ಕಣ್ಣಿನದಾದರೆ ಅಜ್ಜಿಗೆ ಕುರುಡು, ನರರೋಗದ್ದಾದರೆ ಲಕ್ವ, ಹೃದಯದ್ದಾದರೆ ನಡುರಾತ್ರಿ ಎದೆನೋವು. ನಿಜವಾದ ಅಜ್ಜಿ ತೊಂಬತ್ತರ ಹತ್ತಿರ ಬಂದರೂ ಜಗುಲಿಯ ಮೇಲೆ ಗಟ್ಟಿಯಾಗಿ ಕೂತು ಅವರೇಕಾಯಿ ಸುಲಿಯುತ್ತಿರುತ್ತಾರೆ. ಇಂಥ ಸ್ಟೇಟ್‌ಮೆಂಟುಗಳನ್ನು 'ಸ್ವಲ್ಪ ನೋಡ್ಕೊಡಿ ಸರ್, ಐದೇ ನಿಮಿಷ' ಎಂದು ರಾತ್ರಿ ಹನ್ನೊಂದೂವರೆಗೆ ಕಳಿಸಿಕೊಳ್ಳುವ ನನ್ನಂಥ ಬರವಣಿಗೆಯವರೂ ಕಡಿಮೆಯೇನಿಲ್ಲ. ಅಜ್ಜಿಯನ್ನು ಹಾಗೇ ಬಿಟ್ಟು ಕಾಮಾ ತಿದ್ದುತ್ತೇವೆ, ವೈದ್ಯವಿಜ್ಞಾನಕ್ಕೆ ನಮ್ಮ ಕೈಲಾದ ಸೇವೆ ಸಂದಿತೆಂದು ಮಲಗುತ್ತೇವೆ.

ಅಜ್ಜಿಯ ನಂತರ ಪ್ರಾಜೆಕ್ಟ್. ಅರ್ಜಿ ಡಾಕ್ಟರುಗಳ ಪೈಕಿ ಬಹಳ ಮಂದಿ ಮೊದಲು ಕೈಹಾಕುವುದು ಪೀಮಾ ಡಯಾಬಿಟಿಸ್ ಡೇಟಾಸೆಟ್ಟಿಗೆ. ಅಮೆರಿಕದ ಅರಿಜೋನಾದ ಪೀಮಾ ಬುಡಕಟ್ಟಿನ 768 ಹೆಂಗಸರ ರಕ್ತದ ಸಕ್ಕರೆ, ರಕ್ತದೊತ್ತಡ, ಬಿಎಂಐ, ಎಷ್ಟು ಸಲ ಬಸಿರಾದರೆಂಬ ಲೆಕ್ಕ ಅದರಲ್ಲಿದೆ. 1988ರ ಒಂದು ಪ್ರಬಂಧಕ್ಕೆ ಬಳಕೆಯಾದದ್ದು, ಉಚಿತವಾಗಿ ಸಿಗುತ್ತದೆ, ಹತ್ತು ಸಾಲಿನ ಕೋಡ್ ಬರೆದರೆ ಯಾರಿಗೆ ಸಕ್ಕರೆ ಕಾಯಿಲೆ ಎಂದು ಕಂಪ್ಯೂಟರು ಹೇಳತೊಡಗುತ್ತದೆ. ಈ ದಾಖಲೆಯಲ್ಲಿ 35 ಹೆಂಗಸರ ಡಯಾಸ್ಟಾಲಿಕ್ ರಕ್ತದೊತ್ತಡ ಸೊನ್ನೆ. 11 ಮಂದಿಯ ಬಿಎಂಐ ಸೊನ್ನೆ. 5 ಮಂದಿಯ ಗ್ಲೂಕೋಸೂ ಸೊನ್ನೆ. ಅಳತೆ ಸಿಗದ ಕಡೆ ಯಾರೋ ಸೊನ್ನೆ ತುಂಬಿದ್ದಾರೆ, ಅಷ್ಟೆ. ವಾರ್ಡಿನಲ್ಲಿ ಬಿಪಿ ಸೊನ್ನೆ ಎಂದು ಸಿಸ್ಟರ್ ಕೂಗಿದರೆ ಚಪ್ಪಲಿ ಬಿಟ್ಟು ಓಡುವ ಇದೇ ಡಾಕ್ಟರು, ಪರದೆಯ ಮೇಲೆ ಬಿಪಿ ಸೊನ್ನೆಯ ಆ 35 ಮಂದಿಯನ್ನು ನೆಮ್ಮದಿಯಾಗಿ ದಾಟಿಕೊಂಡು ಹೋಗಿ 'ಅಕ್ಯುರಸಿ 78' ಎಂದು ಅರ್ಜಿಯಲ್ಲಿ ಬರೆಯುತ್ತಾರೆ. ಇವರಿಗೆ ತಿಳಿಯುವುದಿಲ್ಲ ಎಂದಲ್ಲ, ನೋಡಿದ ಕ್ಷಣಕ್ಕೆ ತಿಳಿಯುವಂಥದ್ದೇ. ಆದರೆ ಕೋಡ್ ಬರೆಯುವಾಗ ತಾನು ಡಾಕ್ಟರು ಎನ್ನುವುದನ್ನು ಪಕ್ಕಕ್ಕಿಡಬೇಕು ಎಂದು ಯಾರೋ ಇವರಿಗೆ ಹೇಳಿಕೊಟ್ಟಂತಿದೆ. ಕೆಳಗಿನ ಅಂತಸ್ತಿನ ಓಪಿಡಿಯಲ್ಲಿ ಸಕ್ಕರೆ ಕಾಯಿಲೆಯವರ ಸಾಲು ಗೇಟಿನವರೆಗೆ ನಿಂತಿರುತ್ತದೆ.

ಕಲಿಯುವವರು ಎಲ್ಲಿಂದಲೋ ಶುರು ಮಾಡಬೇಕಲ್ಲ, ಮುಳುಗಿದ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯ ಮೇಲೂ ಜಗತ್ತೆಲ್ಲ ಅಭ್ಯಾಸ ಮಾಡುತ್ತದೆ ಎಂದು ಯಾರಾದರೂ ಹೇಳಬಹುದು. ಒಪ್ಪುವ ಮಾತೇ. ಆದರೆ ಈ ಕ್ಷೇತ್ರ ಎಲ್ಲೆಲ್ಲಿ ಎಡವಿದೆ ಎಂದು ನೋಡಿದರೆ, ಗಣಿತ ತಪ್ಪಿದ್ದಕ್ಕಿಂತ ಓಪಿಡಿ ತಿಳಿಯದೆ ಮುಗ್ಗರಿಸಿದ್ದೇ ಹೆಚ್ಚು ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಫೋಟೊದಲ್ಲೇ ಗುರುತಿಸುವ ಗೂಗಲ್‌ನ ಕೆಲಸ 2016ರಲ್ಲಿ ಪ್ರಕಟವಾದಾಗ ಲೋಕ ಬೆರಗಾಯಿತು. ಮಧುರೈನ ಅರವಿಂದ ಕಣ್ಣಾಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದ ಚಿತ್ರಗಳೂ ಅದರಲ್ಲಿದ್ದವು. ಆಮೇಲೆ ಅದನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಗೆ ಒಯ್ದರು. ಅಲ್ಲಿ ನರ್ಸುಗಳು ತೆಗೆದ 1,838 ಚಿತ್ರಗಳಲ್ಲಿ ಶೇಕಡಾ 21ರಷ್ಟನ್ನು ಯಂತ್ರ ಓದಲೇ ಒಪ್ಪಲಿಲ್ಲ. ಕತ್ತಲು ಮಾಡಲಾಗದ ಕೋಣೆ, ಎಳೆಯುತ್ತ ಕೂರುವ ಇಂಟರ್ನೆಟ್, ಇನ್ನೊಂದು ದಿನ ಇನ್ನೊಂದು ಆಸ್ಪತ್ರೆಗೆ ಬನ್ನಿ ಎಂದರೆ ಕೂಲಿ ಬಿಟ್ಟು ಬರಲಾಗದ ಜನ. 2020ರಲ್ಲಿ ಇದು ಸಂಶೋಧನಾ ಪ್ರಬಂಧವಾಗಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ವಾರ ಕೆಲಸ ಮಾಡಿದ ಹೌಸ್ ಸರ್ಜನ್ ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದರು. ಅಮೆರಿಕದ್ದೇ ಇನ್ನೊಂದು ಪ್ರಕರಣ ಇದಕ್ಕಿಂತ ಖಾರವಾಗಿದೆ. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸುವ ಒಂದು ತಂತ್ರಾಂಶ, ಯಾರ ಚಿಕಿತ್ಸೆಗೆ ಖರ್ಚು ಹೆಚ್ಚಾಗಿದೆಯೋ ಅವರಿಗೇ ಕಾಯಿಲೆ ಹೆಚ್ಚು ಎಂದು ಹಿಡಿದಿತ್ತು. ಕಪ್ಪು ಜನರ ಚಿಕಿತ್ಸೆಗೆ ಅಲ್ಲಿ ಖರ್ಚಾಗುವುದೇ ಕಡಿಮೆ, ಹಾಗಾಗಿ ಅವರು ಆರೋಗ್ಯವಂತರೆಂದು ಲೆಕ್ಕವಾಯಿತು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಈ ದೋಷ ಸರಿಪಡಿಸಿದರೆ ಹೆಚ್ಚಿನ ಆರೈಕೆ ಸಿಗುವವರಲ್ಲಿ ಕಪ್ಪು ಜನರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆ. ಖರ್ಚು ಮಾಡದವನಿಗೆ ಕಾಯಿಲೆ ಇಲ್ಲ ಎಂದು ನಮ್ಮ ಯಾವ ಜಿಲ್ಲಾಸ್ಪತ್ರೆಯ ಡಾಕ್ಟರೂ ನಂಬುವುದಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೃತಕ ಬುದ್ಧಿಮತ್ತೆಯ ಬಗ್ಗೆ 2023ರಲ್ಲಿ ಹೊರತಂದ ನೀತಿ ಮಾರ್ಗಸೂಚಿಯೂ ದತ್ತಾಂಶದ ಗುಣಮಟ್ಟವನ್ನು ಒಂದು ಮುಖ್ಯ ತತ್ತ್ವವೆಂದೇ ಎಣಿಸಿದೆ. ಅರ್ಜಿ ಡಾಕ್ಟರು ಆ ಮಾರ್ಗಸೂಚಿಯನ್ನು ಓದಿರುತ್ತಾರೆ, ಅರ್ಜಿಯಲ್ಲಿ ಹೆಸರಿಸಿಯೂ ಇರುತ್ತಾರೆ. ಅದು ತಮ್ಮದೇ ರಿಜಿಸ್ಟರಿನ ಬಗ್ಗೆ ಮಾತಾಡುತ್ತಿದೆ ಎಂದು ಮಾತ್ರ ಹೊಳೆದಿರುವುದಿಲ್ಲ.

ಇನ್ನು ಶಿಫಾರಸು ಪತ್ರ. ಅರ್ಜಿ ಡಾಕ್ಟರ ಸ್ವಭಾವ ಪೂರ್ತಿಯಾಗಿ ಬೆಳಗುವುದು ಇಲ್ಲಿ. ಫೆಲೋಶಿಪ್ಪಿನವರು ಕೇಳುವುದು ಗೋಪ್ಯವಾದ, ಸ್ವತಂತ್ರವಾದ ಮೌಲ್ಯಮಾಪನ. ಎಚ್‌ಓಡಿ ಹೇಳುವುದು, 'ನೀನೇ ಒಂದು ಡ್ರಾಫ್ಟ್ ಮಾಡ್ಕೊಂಡು ಬಾರಪ್ಪ, ಸೈನ್ ಹಾಕ್ಕೊಡ್ತೀನಿ.' ಅಲ್ಲಿಂದ ಶುರುವಾಗುವ ಸಂಕಟ ಯಾವ ನಾಟಕಕ್ಕೂ ಕಡಿಮೆಯಲ್ಲ. ತನ್ನನ್ನು ತಾನೇ ಹೊಗಳಬೇಕು, ಅದೂ ಇವತ್ತಿನವರೆಗೆ ಯಾರನ್ನೂ ಹೊಗಳದ ಒಬ್ಬ ಪ್ರೊಫೆಸರರ ಬಾಯಿಂದ. 'ಅತ್ಯುತ್ತಮ' ಎಂದು ಬರೆದರೆ ಸರ್ ಏನಂದುಕೊಂಡಾರು, 'ಉತ್ತಮ' ಎಂದರೆ ಲಂಡನ್ನಿನವರು ಏನಂದುಕೊಂಡಾರು? ಸಂಕೋಚ ಮತ್ತು ಸ್ವಾರ್ಥ ರಾತ್ರಿಯಿಡೀ ಜಗ್ಗಾಡಿ, ಬೆಳಗಿನ ಜಾವ 'ನನ್ನ ಇಪ್ಪತ್ತೈದು ವರ್ಷಗಳ ಬೋಧನೆಯಲ್ಲಿ ಕಂಡ ಮೊದಲ ಐದು ಶೇಕಡಾ ವಿದ್ಯಾರ್ಥಿಗಳಲ್ಲಿ ಒಬ್ಬರು' ಎಂಬಲ್ಲಿಗೆ ರಾಜಿಯಾಗುತ್ತದೆ. ಪತ್ರ ಮೂರು ಬೇಕಿರುವುದರಿಂದ ಇನ್ನಿಬ್ಬರು ಪ್ರೊಫೆಸರುಗಳೂ ಅದೇ ರಾತ್ರಿ ಮಾತಾಡುತ್ತಾರೆ. ಮೂವರ ಇಂಗ್ಲಿಷೂ ಒಂದೇ, ಮೂವರಿಗೂ ಒಂದೇ ವಿಶೇಷಣದ ಮೇಲೆ ಮೋಹ, ಮೂವರೂ ಒಂದೇ ಕಡೆ ಪೂರ್ಣವಿರಾಮ ಮರೆಯುತ್ತಾರೆ. ಮದುವೆಯ ಬಯೋಡೇಟಾದಲ್ಲಿ ಹುಡುಗನ ಗುಣವನ್ನು ಹುಡುಗನೇ ಬರೆದು ಕೆಳಗೆ ಸೋದರಮಾವನ ಹೆಸರು ಹಾಕಿದಂತೆ. ಆಮೇಲೆ ಸರ್ ಅವರ ಸಹಿ ಬೇಟೆ. ಸರ್ ರೌಂಡ್ಸ್‌ನಲ್ಲಿ, ಸರ್ ಥಿಯೇಟರಿನಲ್ಲಿ, ಸರ್ ಇನ್‌ಸ್ಪೆಕ್ಷನ್‌ಗೆ ಹೊರಟಿದ್ದಾರೆ, ಸರ್ ಅವರ ಇಮೇಲ್ ಪಾಸ್‌ವರ್ಡ್ ಗೊತ್ತಿರುವುದು ರಜೆಯಲ್ಲಿರುವ ಗುಮಾಸ್ತರಿಗೆ. ಕೊನೆಗೂ ಸಿಕ್ಕಾಗ ಸರ್ ಪತ್ರವನ್ನು ಪೂರ್ತಿ ಓದುತ್ತಾರೆ. ಹಾಗೆ ಓದಿಯಾರು ಎಂದು ಯಾರೂ ಎಣಿಸಿರುವುದಿಲ್ಲ. ಓದಿ ಕನ್ನಡಕ ತೆಗೆದು, 'ಇಷ್ಟೆಲ್ಲ ಮಾಡಿದೀಯೇನಯ್ಯಾ? ಒಳ್ಳೇದು' ಅನ್ನುತ್ತಾರೆ. ಅದು ವ್ಯಂಗ್ಯವೋ ಅಭಿಮಾನವೋ ಎಂದು ತಿಳಿಯದೆ ಡಾಕ್ಟರು ಒಂದು ವಾರ ಸರಿಯಾಗಿ ಊಟ ಮಾಡುವುದಿಲ್ಲ.

ತಪ್ಪು ಇವರದ್ದಲ್ಲ, ಫಾರಮ್ಮಿನದು ಎಂಬ ವಾದಕ್ಕೆ ಸಾಕಷ್ಟು ಬಲವಿದೆ. ನಾಯಕತ್ವ ಗುಣ ಹೇಳು ಎಂದರೆ ಮೂವತ್ತರ ರೆಸಿಡೆಂಟು ಏನು ಹೇಳಬೇಕು? ಕಾಲೇಜು ಕ್ರಿಕೆಟ್ ತಂಡಕ್ಕೆ ಜರ್ಸಿ ಹೊಲಿಸಿದ್ದು 'ಬಹುಶಿಸ್ತೀಯ ತಂಡದ ಸಂಪನ್ಮೂಲ ನಿರ್ವಹಣೆ'ಯಾಗಿ ಅವತಾರ ಎತ್ತುವುದು ಅನಿವಾರ್ಯ. ಈಗೀಗ ಸ್ಟೇಟ್‌ಮೆಂಟನ್ನು ಚಾಟ್‌ಜಿಪಿಟಿಯೇ ಬರೆದುಕೊಡುವುದರಿಂದ, ಯಂತ್ರವನ್ನು ಅಂಕೆಯಲ್ಲಿಡುವುದು ಹೇಗೆ ಎಂಬ ಬಗ್ಗೆ ಯಂತ್ರದ್ದೇ ವಿಚಾರಗಳನ್ನು ಓದುವ ಭಾಗ್ಯ ಆಯ್ಕೆ ಸಮಿತಿಗೆ ಒದಗಿದೆ. ಇದಕ್ಕೆಲ್ಲ ಫಾರಂ ಹೊಣೆ, ಹೌದು. ಆದರೂ ಬಹುತೇಕ ಎಲ್ಲ ಫಾರಮ್ಮುಗಳಲ್ಲಿ 'ನಿಮ್ಮ ಕೆಲಸದ ಜಾಗದಲ್ಲಿ ಯಾವ ಸಮಸ್ಯೆ ಬಗೆಹರಿಸಲು ಬಯಸುತ್ತೀರಿ?' ಎಂಬರ್ಥದ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅಜ್ಜಿಯೂ ಜರ್ಸಿಯೂ ಬೇಕಿಲ್ಲದ ಜಾಗ ಅದು. ಅಲ್ಲಿ ನಮ್ಮವರು 'ಜಾಗತಿಕ ಆರೋಗ್ಯ ಅಸಮಾನತೆ' ಎಂದು ಬರೆದು ಮುಂದೆ ಹೋಗುತ್ತಾರೆ.

ಇದೆಲ್ಲ ವೀಸಾ ಹಂಬಲ, ಫೆಲೋಶಿಪ್ ಒಂದು ನೆಪ ಎನ್ನುವ ಹಿರಿಯರೂ ಉಂಟು. ಅವರ ಮಕ್ಕಳು ಸಾಮಾನ್ಯವಾಗಿ ನ್ಯೂಜೆರ್ಸಿಯಲ್ಲಿರುತ್ತಾರೆ. ವಿದೇಶದಲ್ಲಿ ಉಳಿದುಬಿಡುವುದೇ ಗುರಿಯಾದರೆ ಇದು ಬಲು ಸುತ್ತಿನ ದಾರಿ. ಬ್ರಿಟನ್ನಿನ ಚೀವ್‌ನಿಂಗ್ ಸ್ಕಾಲರ್‌ಶಿಪ್ ಪಡೆದವರು ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು, ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ಪಿನವರೂ ಮರಳಲೇಬೇಕು, ಫುಲ್‌ಬ್ರೈಟ್‌ನಲ್ಲಿ ಅಮೆರಿಕಕ್ಕೆ ಹೋದರೆ ರೋಗಿಯನ್ನು ಮುಟ್ಟಿ ಚಿಕಿತ್ಸೆ ಮಾಡುವಂತಿಲ್ಲ. ಅರ್ಜಿ ಡಾಕ್ಟರು ಬಾಯಿಬಿಟ್ಟು ಹೇಳದ ಆಸೆ ಬೇರೆಯೇ ಇದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ವೈದ್ಯರು ಮತ್ತಿತರ ಚಿಕಿತ್ಸಾ ಸಿಬ್ಬಂದಿಗಾಗಿ ನಡೆಸುವ ಕ್ಲಿನಿಕಲ್ ಎಐ ಫೆಲೋಶಿಪ್ಪಿನಲ್ಲಿ ಒಂದು ವರ್ಷ, ವಾರಕ್ಕೆ ಎರಡು ದಿನ ವಾರ್ಡಿನಿಂದ ಬಿಡುವು ಕೊಟ್ಟು ಈ ಕೆಲಸಕ್ಕೆ ಕೂರಿಸುತ್ತಾರೆ. ಭಾರತದಲ್ಲಿ ಕೂತವರು ಅದಕ್ಕೆ ಅರ್ಹರಲ್ಲ ಎಂಬ ಸಾಲು ಗೊತ್ತಿದ್ದೂ ಅರ್ಜಿ ಡಾಕ್ಟರು ಆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ. ಅವರ ಕಣ್ಣು ನೆಟ್ಟಿರುವುದು ಲಂಡನ್ನಿನ ಮೇಲಲ್ಲ, ಆ ಎರಡು ದಿನಗಳ ಮೇಲೆ. ಒಬ್ಬ ರೋಗಿ ಏಳುವ ಮೊದಲೇ ಇನ್ನೊಬ್ಬರು ಸ್ಟೂಲಿನ ಮೇಲೆ ಕೂರುವ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದವರಿಗೆ, ಕಂಡದ್ದರ ಬಗ್ಗೆ ಕೂತು ಯೋಚಿಸಲು ಸಂಬಳ ಕೊಡುವ ಜಾಗವೊಂದು ಭೂಮಿಯ ಮೇಲಿದೆ ಎನ್ನುವುದೇ ಸಮಾಧಾನ. ಇಷ್ಟು ವರ್ಷದಲ್ಲಿ 'ನಿನಗೇನು ಕಂಡಿತು?' ಎಂದು ಇವರನ್ನು ಕೇಳಿದ್ದು ಆ ಫಾರಂ ಒಂದೇ ಇರಬಹುದು.

ಉತ್ತರ ಬರುತ್ತದೆ. ಈ ಸಲದ ಅರ್ಜಿಗಳ ಮಟ್ಟ ಬಹಳ ಎತ್ತರದ್ದಾಗಿತ್ತು ಎಂಬ ವಿನಯದ ಇಮೇಲು. ಡಾಕ್ಟರು ಎರಡು ದಿನ ಮಂಕಾಗಿ, ಮೂರನೆಯ ದಿನ ಓಪಿಡಿಗೆ ಹೋಗುತ್ತಾರೆ. ಆದರೆ ಅರ್ಜಿಗೆಂದು ಆತುರದಲ್ಲಿ ವಾರ್ಡಿನ ಸಕ್ಕರೆ ರಿಜಿಸ್ಟರನ್ನು ಎಕ್ಸೆಲ್‌ಗೆ ಹಾಕಿದವರು ಕೆಲವರಿರುತ್ತಾರೆ, ಅವರಿಗೆ ಅದು ಕೊರಳಿಗೆ ಬಿದ್ದಿರುತ್ತದೆ. ಈಗ ತುಂಬದಿದ್ದರೆ ಸಿಸ್ಟರ್ ಬೈಯುತ್ತಾರೆ, ಔಷಧಿ ಇಂಡೆಂಟ್ ಹಾಕುವುದೇ ಆ ಹಾಳೆ ನೋಡಿಕೊಂಡು. ಅದರಲ್ಲೊಂದು ಕಾಲಂ ಸೇರಿಸಿದ್ದಾರೆ: ಬಿಪಿಯನ್ನು ನಿಜಕ್ಕೂ ಪಟ್ಟಿ ಕಟ್ಟಿ ನೋಡಿದ್ದೇ, ಅಲ್ಲವೇ? ಮೊದಲ ತಿಂಗಳು ಆ ಕಾಲಮ್ಮಿನ ಸಲುವಾಗಿ ವಾರ್ಡಿನಲ್ಲಿ ಜಗಳವೇ ಆಗಿ, ಆಮೇಲೆ 120/80ಗಳು ತಾವಾಗಿ ಕಡಿಮೆಯಾಗತೊಡಗಿದವು. ಇದನ್ನು ಮುಂದಿನ ಅರ್ಜಿಯಲ್ಲಿ ಬರೆಯಿರಿ ಮಾರಾಯರೇ ಎಂದರೆ, 'ಅದೇನ್ ಸರ್ ಮಹಾ, ವರ್ಡ್ ಲಿಮಿಟ್ ಬೇರೆ ಇದೆ' ಎಂದು ಹೊಸ ಕರಡು ಕಳಿಸುತ್ತಾರೆ. ಈ ಸಲದ ಫೆಲೋಶಿಪ್ ಶ್ವಾಸಕೋಶದ್ದು, ಅಜ್ಜಿಗೆ ಕೆಮ್ಮು ಶುರುವಾಗಿದೆ.