ತಾಮ್ರತಂತಿ ಶಾಸನಗಳು: ಒಂದು ವಿಮರ್ಶಾತ್ಮಕ ಅಧ್ಯಯನ

ಪೀಠಿಕೆ

ನಮ್ಮ ನಾಡಿನಲ್ಲಿ ಶಿಲಾಶಾಸನಗಳ ಬಗ್ಗೆ ಬರೆದವರಿದ್ದಾರೆ, ತಾಮ್ರಪಟಗಳ ಬಗ್ಗೆ ಜಗಳವಾಡಿದವರಿದ್ದಾರೆ, ವೀರಗಲ್ಲಿನ ಮುಂದೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಸವೆದ ಅಕ್ಷರ ಬಿಡಿಸಿದವರಿದ್ದಾರೆ. ಆದರೆ ತಾಮ್ರದಿಂದಲೇ ಮಾಡಿದ, ಮೈಯುದ್ದಕ್ಕೂ ಬರಹ ಹೊತ್ತ, ಮನೆಮನೆಯ ಟಿವಿ ಹಿಂದೆ ಧೂಳು ತಿನ್ನುತ್ತ ಬಿದ್ದಿರುವ ಎಚ್‌ಡಿಎಂಐ ಕೇಬಲ್ಲನ್ನು ಶಾಸನವೆಂದು ಬಗೆದು ಓದಿದ ಒಬ್ಬ ವಿದ್ವಾಂಸನನ್ನೂ ನಾನು ಕಾಣೆ. ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ತಂದಾಗ ಈ ವಸ್ತು ಇರಲಿಲ್ಲ. ಅವರನ್ನು ಬಿಟ್ಟುಬಿಡೋಣ. ಎಚ್‌ಡಿಎಂಐ ಹುಟ್ಟಿದ್ದು 2002ರಲ್ಲಿ. ಅಲ್ಲಿಂದೀಚಿನ ವಿದ್ವಾಂಸರಿಗೆ ಯಾವ ನೆಪವೂ ಇಲ್ಲ.

ಈ ಕೊರತೆಯನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದದ್ದು ಮಗನಿಂದ. ಅವನು 27 ಇಂಚಿನ, 4ಕೆ, 144 ಹರ್ಟ್ಸ್ ಮಾನಿಟರ್ ತಂದ. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಗಿಡ್ಡವಾಯಿತೆಂದು ಅಟ್ಟದಿಂದ ಹಳೆಯದೊಂದನ್ನು ಎಳೆದು ಸಿಕ್ಕಿಸಿದ. ಮೂರನೇ ದಿನದಿಂದ ಪರದೆ ಇದ್ದಕ್ಕಿದ್ದಂತೆ ಎರಡು ಸೆಕೆಂಡು ಕಪ್ಪಾಗಿ, ಏನೂ ಆಗದವರ ಹಾಗೆ ವಾಪಸು ಬರತೊಡಗಿತು. “ಅಪ್ಪ, ಎಸ್.ಪಿ. ರೋಡ್ ಕಡೆ ಹೋದ್ರೆ ಒಂದು ಒಳ್ಳೆ ಕೇಬಲ್ ತಗೊಂಬಾ” ಅಂದ. ನಿವೃತ್ತ ಮೇಷ್ಟರಿಗೆ ಹೀಗೆ ಹೇಳಬಾರದು. ‘ಒಳ್ಳೆಯದು’ ಎಂದರೇನು ಎಂದು ನಿಷ್ಕರ್ಷೆಯಾಗದೆ ನಾನು ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ.

ಉತ್ಖನನ

ಶೋಧ ನಡೆದದ್ದು ನಮ್ಮ ಮನೆಯ ಅಟ್ಟದಲ್ಲಿ, ಮದುವೆ ಮನೆಯ ತಾಂಬೂಲದ ಚೀಲವೊಂದರಲ್ಲಿ. ಸ್ತರಗಳು ಕದಡಿರಲಿಲ್ಲ. ಅತ್ಯಂತ ಕೆಳಗೆ ನೀಲಿ ಮೂತಿಯ, ಎರಡು ಕಿವಿಗೂ ಸ್ಕ್ರೂ ಇರುವ ವಿಜಿಎ. ಅದರ ಮೂಲ 1987. ಅದರ ಮೇಲೆ ಬಿಳಿಯ ಡಿವಿಐ, 1999ರ ಸಂಪ್ರದಾಯದ್ದು. ಮೇಲ್ಪದರದಲ್ಲಿ ಐದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್, ಮತ್ತು ಯಾವ ಯುಗಕ್ಕೂ ಸೇರದ ಒಂದು ನೋಕಿಯಾ ಚಾರ್ಜರ್. “ಇದನ್ನೆಲ್ಲ ಗುಜರಿಗೆ ಹಾಕಿ ಅಂತ ಹತ್ತು ವರ್ಷದಿಂದ ಬಡ್ಕೋತಿದೀನಿ” ಎಂಬುದು ನನ್ನ ಹೆಂಡತಿಯ ಭಿನ್ನಮತ. ಅದನ್ನು ದಾಖಲಿಸಿದ್ದೇನೆ, ಒಪ್ಪಿಲ್ಲ.

ಶಾಸನಪಾಠ

ಮಗ ಸಿಕ್ಕಿಸಿದ್ದ ಕೇಬಲ್ಲನ್ನು ಕಳಚಿ, ದೀಪವನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಓದಿದೆ. ಲಿಪಿ ರೋಮನ್. ಭಾಷೆ ವ್ಯಾಪಾರದ್ದು. ಪಾಠ ಹೀಗಿದೆ: ‘ಎಡಬ್ಲ್ಯುಎಂ ಸ್ಟೈಲ್ 20276 80°ಸಿ 30ವಿ ವಿಡಬ್ಲ್ಯು-1 ಹೈ ಸ್ಪೀಡ್ ಎಚ್‌ಡಿಎಂಐ ಕೇಬಲ್’. ಒಂದು ಗೇಣು ಬಿಟ್ಟು ಮತ್ತೆ ಅದೇ ಪಾಠ, ಹೀಗೇ ಕೊನೆಯವರೆಗೆ. ಇಷ್ಟು ಸಲ ಒಂದೇ ಮಾತು ಹೇಳುವವರನ್ನು ನಾನು ಸನ್ಮಾನ ಸಮಾರಂಭಗಳಲ್ಲಿ ಮಾತ್ರ ಕಂಡಿದ್ದೇನೆ.

20276 ಎಂಬುದು ಶಕವರ್ಷವಿರಬೇಕೆಂದು ಮೊದಲು ಊಹಿಸಿದೆ. 78 ಕೂಡಿಸಿದರೆ ಕ್ರಿ.ಶ. 20354 ಬಂತು. ಕಾಲನಿರ್ಣಯ ಕೈಬಿಟ್ಟೆ. ಆಮೇಲೆ ತಿಳಿದದ್ದು: ಎಡಬ್ಲ್ಯುಎಂ ಅಂದರೆ ಉಪಕರಣಗಳ ಒಳಗೆ ಬಳಸುವ ತಂತಿಯೆಂದು ಅಮೆರಿಕದ ಯುಎಲ್ ಸಂಸ್ಥೆ ಗುರುತಿಸಿದ ವರ್ಗ. 20276 ಅದರೊಳಗಿನ ಒಂದು ಬಗೆ. ಮೇಲುಹೊದಿಕೆ 80 ಡಿಗ್ರಿ ಬಿಸಿ ತಾಳುತ್ತದೆ, 30 ವೋಲ್ಟ್ ತಾಳುತ್ತದೆ, ನೇರವಾಗಿ ತೂಗುಹಾಕಿ ಬೆಂಕಿ ತಾಗಿಸಿದರೂ ಉರಿ ಹಬ್ಬದಂತೆ ಆರಿಕೊಳ್ಳುತ್ತದೆ. ವಿಡಬ್ಲ್ಯು-1 ಅಂದರೆ ಆ ಬೆಂಕಿಯ ಪರೀಕ್ಷೆ.

ವಾಚಕರು ಇಲ್ಲಿ ನಿಂತು ಗಮನಿಸಬೇಕು. ಚಿತ್ರ ಹೇಗೆ ಬರುತ್ತದೆ ಎಂಬ ಬಗ್ಗೆ ಈವರೆಗೆ ಶಾಸನ ತುಟಿ ಬಿಚ್ಚಿಲ್ಲ. ಮನೆಗೆ ಬೆಂಕಿ ಬಿದ್ದರೆ ತಾನು ಅದನ್ನು ಹಬ್ಬಿಸುವುದಿಲ್ಲ ಎಂದಷ್ಟೇ ಅದರ ಆಶ್ವಾಸನೆ. ನನ್ನ ಭಾವಮೈದುನನೊಬ್ಬ ಈ ಸಂಖ್ಯೆಗಳನ್ನು ನೋಡಿಯೇ “ಏ, ಇದು ಇಂಟರ್‌ನ್ಯಾಷನಲ್ ಮಾಲು ಭಾವ” ಎಂದು ಕೇಬಲ್ ಕೊಳ್ಳುತ್ತಿದ್ದ. ದಾನಶಾಸನಗಳಲ್ಲಾದರೆ ಕೊನೆಗೆ ಶಾಪಾಶಯ ಇರುತ್ತದೆ, ಅಳುಪಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಇತ್ಯಾದಿ. ಇಲ್ಲಿ ಶಾಪವಿಲ್ಲ. ಅದು ಕೊಂಡವನಿಗೆ ನೇರವಾಗಿ ತಲುಪುತ್ತದೆ.

ಉಪಯೋಗಕ್ಕೆ ಬರುವುದು ಕೊನೆಯ ಪದಗಳು: ‘ಹೈ ಸ್ಪೀಡ್’. ಅತಿವೇಗ ಎಂದು ಅರ್ಥ ಮಾಡಿದರೆ ಕೆಟ್ಟಿರಿ. ಇದು ಬಿರುದು, ವಿಶೇಷಣವಲ್ಲ. ನಮ್ಮ ಕೆಎಸ್‌ಆರ್‌ಟಿಸಿಯಲ್ಲಿ ರಾಜಹಂಸ, ಐರಾವತ, ಐರಾವತ ಕ್ಲಬ್ ಕ್ಲಾಸ್ ಇರುವ ಹಾಗೆ ಇಲ್ಲೂ ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್ ಎಂಬ ತಾರತಮ್ಯವಿದೆ. ರಾಜಹಂಸವನ್ನು ಹಕ್ಕಿಯೆಂದು ತಿಳಿದು ಹತ್ತಿದವನೂ ಹೈ ಸ್ಪೀಡನ್ನು ವೇಗವೆಂದು ತಿಳಿದು ಕೊಂಡವನೂ ಒಂದೇ ಹಾಸ್ಟೆಲ್ಲಿನವರು. ಹೈ ಸ್ಪೀಡ್ ಕೇಬಲ್ಲನ್ನು ಪರೀಕ್ಷಿಸುವುದು ಸೆಕೆಂಡಿಗೆ 1,020 ಕೋಟಿ ಬಿಟ್‌ಗೆ. ಪ್ರೀಮಿಯಂ ಆದರೆ 1,800 ಕೋಟಿ. ಅಲ್ಟ್ರಾ ಆದರೆ 4,800 ಕೋಟಿ.

ಈಗ ಮಗನ ಪರದೆಯ ಹಸಿವನ್ನು ಲೆಕ್ಕ ಹಾಕೋಣ. ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆ. ಒಟ್ಟು 82,94,400. ಇಷ್ಟೂ ಚುಕ್ಕೆಗೆ ಸೆಕೆಂಡಿಗೆ 144 ಸಲ ಹೊಸ ಬಣ್ಣ ಬಳಿಯಬೇಕು, ಒಂದೊಂದು ಬಣ್ಣಕ್ಕೆ 24 ಬಿಟ್. ಗುಣಿಸಿದರೆ 28,66,54,46,400. ಸೆಕೆಂಡಿಗೆ 2,866 ಕೋಟಿ. (ಈ ಗುಣಾಕಾರವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಮಾಡಿದ್ದರಿಂದ ಆ ತಿಂಗಳು ಹಾಲಿನವನಿಗೂ ನನಗೂ ಸ್ವಲ್ಪ ಮಾತಾಯಿತು.) ಅದೇ ಪರದೆ 60 ಹರ್ಟ್ಸಿನಲ್ಲಿ ಓಡಿದರೆ 1,194 ಕೋಟಿ ಸಾಕು. ಇದಕ್ಕೆ ಪ್ರತಿ ಚೌಕಟ್ಟಿನ ಅಂಚಿನ ಖಾಲಿ ಜಾಗದ ಲೆಕ್ಕ ಬೇರೆ ಸೇರುತ್ತದೆ. ಅದೂ ಸಾಲದೆಂದು 2013ರ ಎಚ್‌ಡಿಎಂಐ 2.0 ಕ್ರಮದಲ್ಲಿ 8 ಬಿಟ್ ಮಾಲನ್ನು 10 ಬಿಟ್ ಗೋಣಿಯಲ್ಲಿ ಕಟ್ಟಿ ಕಳಿಸುತ್ತಾರೆ. 1,800 ಕೋಟಿಯಲ್ಲಿ ಕೈಗೆ ಸಿಗುವುದು 1,440 ಕೋಟಿ. ಐದರಲ್ಲೊಂದು ಪಾಲು ಗೋಣಿಯ ತೂಕ. ಮಂಡಿಯಲ್ಲೂ ಇಷ್ಟು ಹಿಡಿಯುವುದಿಲ್ಲ. 2017ರ ಎಚ್‌ಡಿಎಂಐ 2.1ರಲ್ಲಿ ಗೋಣಿ ಹಗುರಾಯಿತು, 16ಕ್ಕೆ 18. ಒಟ್ಟಾರೆ, ಐರಾವತ ಕ್ಲಬ್ ಕ್ಲಾಸ್ ಎಳೆಯಬೇಕಾದ ಭಾರವನ್ನು ಮಗ ರಾಜಹಂಸಕ್ಕೆ ಹೇರಿದ್ದ.

ಕುರ್ಚಿ ಪ್ರಕರಣ

ಹಾಗಾದರೆ ಪರದೆ ಪೂರ್ತಿ ಕಪ್ಪಾಗಿರಬೇಕಿತ್ತಲ್ಲ, ಆಗಾಗ ಮಾತ್ರ ಯಾಕೆ ಎಂಬುದು ಪೂರ್ವಪಕ್ಷ. ಉತ್ತರ ಹೀಗೆ. ಕಂಪ್ಯೂಟರು ಮಾನಿಟರನ್ನು ಕೇಳುತ್ತದೆ, ನಿನಗೇನೇನು ಬರುತ್ತದೆ ಎಂದು. ಮಾನಿಟರು ತನ್ನ ಜಾತಕ ಕೊಡುತ್ತದೆ, ಅದಕ್ಕೆ ಇಡಿಐಡಿ ಎಂದು ಹೆಸರು. 144 ಬರುತ್ತದೆಂದು ಅದರಲ್ಲಿರುತ್ತದೆ. ಎರಡೂ ಕಡೆಯವರು ಒಪ್ಪುತ್ತಾರೆ. ನಡುವೆ ಇರುವ ಕೇಬಲ್ ಮದುವೆ ದಲ್ಲಾಳಿಯ ಹಾಗೆ ಬಾಯಿಮುಚ್ಚಿಕೊಂಡಿರುತ್ತದೆ. ತಾನು ಯಾವ ವರ್ಗದ್ದು ಎಂದು ಹೇಳಲು ಸಾಧಾರಣ ಎಚ್‌ಡಿಎಂಐ ಕೇಬಲ್ಲಿಗೆ ನಾಲಗೆಯೇ ಇಲ್ಲ. 2.1ರಲ್ಲಿ ‘ಲಿಂಕ್ ಟ್ರೈನಿಂಗ್’ ಎಂಬ ವಧುಪರೀಕ್ಷೆ ಇದೆ ನಿಜ. ಆದರೆ ವಧುಪರೀಕ್ಷೆಯ ದಿನ ಯಾರು ತಾನೇ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ? ಕೂದಲೆಳೆಯಲ್ಲಿ ಪಾಸಾದ ಕೇಬಲ್ ಸಂಸಾರ ಶುರುವಾದ ಮೇಲೆ ಎಡವುತ್ತದೆ. ಆಗ ಸಂಬಂಧ ಕಡಿದು ಮತ್ತೆ ಬೆಸೆಯಬೇಕು. ಆ ಎರಡು ಸೆಕೆಂಡೇ ಕತ್ತಲು.

ಎಡವಿಸುತ್ತಿದ್ದುದು ಏನು ಎಂಬುದನ್ನು ಕಂಡುಹಿಡಿದ ಕೀರ್ತಿ ಸಂಪೂರ್ಣವಾಗಿ ನನ್ನದು. ಒಂದು ಸಂಜೆ ಮಗನ ಚಕ್ರದ ಕುರ್ಚಿಯಲ್ಲಿ ಕೂತಿದ್ದೆ. ಕಾಫಿಗೆ ಎದ್ದೆ, ಪರದೆ ಕಪ್ಪಾಯಿತು. ಬಂದು ಕೂತೆ, ಕಪ್ಪಾಯಿತು. ಒಮ್ಮೆ ಆಕಸ್ಮಿಕ, ಎರಡು ಸಲ ಅಪಶಕುನ, ಮೂರನೆಯ ಸಲದಿಂದ ಸಂಶೋಧನೆ. ವೈಜ್ಞಾನಿಕ ಶಿಸ್ತಿನಿಂದ 27 ಸಲ ಎದ್ದು ಕೂತೆ, ಪ್ರತಿ ಸಲವೂ ಹಾಲಿನ ಪುಸ್ತಕದಲ್ಲಿ ಗೀಟು ಹಾಕಿದೆ. 11 ಸಲ ಕತ್ತಲು. ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ರೀ, ಮಂಡಿ ನೋವು ಅಂತ ಬೆಳಗ್ಗೆ ವಾಕಿಂಗ್ ಬಿಟ್ರಲ್ಲ?” ಅಂದಳು.

ಇದು ನನ್ನ ಭ್ರಮೆಯಲ್ಲ. ಇಂಥ ಕುರ್ಚಿಯ ಗ್ಯಾಸ್ ಕೊಳವೆ ಮೇಲೆ ಕೆಳಗೆ ಆಡಿದಾಗ ಸ್ಥಿರವಿದ್ಯುತ್ತು ಚಿಟಕ್ಕನೆ ಹಾರಿ ಗಾಳಿಯಲ್ಲಿ ಒಂದು ಅಲೆ ಎಬ್ಬಿಸುವುದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೊದಿಕೆ ಗಟ್ಟಿಯಿಲ್ಲದ ಕೇಬಲ್ ಅದನ್ನು ಆಂಟೆನಾದ ಹಾಗೆ ಹೀರಿಕೊಳ್ಳುತ್ತದೆ. ಅಲ್ಟ್ರಾ ಹೈ ಸ್ಪೀಡ್ ಎಂಬ ಬಿರುದು ಪಡೆಯಲು ಇಂಥ ಅಲೆ ಹೊದಿಕೆಯಿಂದ ಸೋರುವುದರ ಪರೀಕ್ಷೆಯಲ್ಲೂ ಪಾಸಾಗಬೇಕು. ಆದರೂ ನಮ್ಮ ಬೀದಿಯಲ್ಲಿ, ಎದ್ದರೆ ಟಿವಿ ಆರುವ ಮೇಷ್ಟ್ರು ಎಂದು ನನಗೆ ಒಂದು ಹೆಸರು ಬಂದಿದೆ.

ಕೂಟಶಾಸನಗಳು

ಗಂಗರ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಖೋಟಾ ಎಂದು ತಳ್ಳಿಹಾಕಿದರು, ರೈಸ್ ಅವುಗಳ ಪರ ನಿಂತರು. ಆ ವಾದದ ಬಿಸಿ ನನಗೆ ಅರ್ಥವಾದದ್ದು ಟೌನ್‌ಹಾಲ್ ಬಳಿ ಬಸ್ಸಿಳಿದು ಸದರ್ ಪತ್ರಪ್ಪ ರಸ್ತೆಯ, ಅಂದರೆ ಮಗ ಹೇಳಿದ ಎಸ್.ಪಿ. ರೋಡಿನ, ಒಂದು ಅಂಗಡಿಗೆ ಹೊಕ್ಕಾಗ. ಅಂಗಡಿ ಅಂದರೆ ಎರಡು ಮೊಳ ಅಗಲ, ಮೇಲೆ ಆಕಾಶದವರೆಗೆ ಡಬ್ಬಿಗಳು. ಹುಡುಗ ಒಂದನ್ನು ಎಳೆದು ಕೌಂಟರಿನ ಮೇಲೆ ಬಡಿದ. “ಸಾರ್, 2.1 ವರ್ಷನ್, 8ಕೆ, ಗೋಲ್ಡ್ ಪ್ಲೇಟೆಡ್, ನೈಲಾನ್ ಹೆಣಿಗೆ. ಲೈಫ್‌ಟೈಮ್ ಬರುತ್ತೆ.”

“ಯಾರ ಲೈಫ್‌ಟೈಮಪ್ಪ?”

“ಕೇಬಲ್‌ದೇ ಸಾರ್.”

ಕೇಬಲ್ ಇರುವಷ್ಟು ಕಾಲ ಕೇಬಲ್ ಇರುತ್ತದೆ. ತರ್ಕಶಾಸ್ತ್ರದಲ್ಲಿ ಇದನ್ನು ಮುರಿಯುವ ವಾದವಿಲ್ಲ. 1,800 ರೂಪಾಯಿ ಎಣಿಸಿದೆ. ಉದ್ದ ಕೇಳಿದ. “ತಗೊಳ್ಳೋದೇ ತಗೋತೀರ, ಉದ್ದಂದೇ ತಗೊಳ್ಳಿ, ನಾಳೆಗಾಗುತ್ತೆ” ಎಂದು ಮನೆಯಲ್ಲಿ ಆದೇಶವಾಗಿತ್ತು, ಪರಕಾರದ ಬಟ್ಟೆ ಕೊಳ್ಳುವ ನ್ಯಾಯ. ಐದು ಮೀಟರ್ ತಂದೆ.

ತಂದು ಹಾಕಿದರೆ ಮೊದಲು ಬರೀ ಕತ್ತಲಿತ್ತು, ಈಗ ಕತ್ತಲ ಜೊತೆ ನಕ್ಷತ್ರಗಳೂ ಬಂದವು. ಪರದೆಯ ತುಂಬ ಮಿಣಮಿಣ ಬಿಳಿ ಚುಕ್ಕೆ. ದೋಷ ಎಲ್ಲಿತ್ತೆಂದು ವಿಚಾರಿಸಿದಾಗ ಒಂದೊಂದೇ ಪದರ ಕಳಚಿತು. ಚಿನ್ನಕ್ಕೆ ಇರುವ ಗುಣ ಒಂದೇ, ಅದು ತುಕ್ಕು ಹಿಡಿಯುವುದಿಲ್ಲ. ಚಿನ್ನದ ಮೂತಿಯಿಂದ ಹೊರಟ ಸೊನ್ನೆ ಬಂಗಾರದ ಸೊನ್ನೆಯಾಗುವುದಿಲ್ಲ. ನೈಲಾನ್ ಹೆಣಿಗೆ ನೋಡಲು ಜಡೆಯ ಹಾಗಿದೆ, ಒಳಗಿನ ತಾಮ್ರಕ್ಕೆ ಅದರ ಪರಿವೆಯಿಲ್ಲ. ಉದ್ದವಂತೂ ಶತ್ರು. ಸಂಕೇತದ ವೇಗ ಹೆಚ್ಚಿದಷ್ಟೂ ತಾಮ್ರದಲ್ಲಿ ಅದು ಬೇಗ ಸೊರಗುತ್ತದೆ. 60ಕ್ಕೆ ಐದು ಮೀಟರ್ ಎಳೆದ ತಂತಿ 144ಕ್ಕೆ ಎರಡೇ ಮೀಟರಿಗೆ ಏದುಸಿರು ಬಿಡಬಹುದು. ದೂರ ಕಳಿಸಲೇಬೇಕಾದರೆ ಒಳಗೆ ಬೆಳಕಿನ ಎಳೆಯಿರುವ ಕೇಬಲ್ ಬೇಕು. ಅದರ ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂಬ ಏಕಪದ ಶಾಸನಗಳಿರುತ್ತವೆ. ಓದದೆ ತಿರುಗಿಸಿ ಹಾಕಿ, ಗೋಡೆ ಕೊರೆದು ಪ್ಲಾಸ್ಟರ್ ಮಾಡಿಸಿದ ಭಾವಮೈದುನನ ಕಥೆ ಇನ್ನೊಂದು ಪ್ರಬಂಧಕ್ಕೆ ಸಾಕು.

ದಪ್ಪವನ್ನು ನಂಬಬಹುದೇ? ತಂತಿಯ ದಪ್ಪ ಹೇಳುವ ಗೇಜಿನ ಅಂಕಿ ನೂಲಿನ ಕೌಂಟಿನ ಹಾಗೆ ತಲೆಕೆಳಗು. 30ಕ್ಕಿಂತ 24 ದಪ್ಪ. ಆದರೆ ಹೊರಗಿನ ದಪ್ಪವೆಲ್ಲ ಒಳಗಿನ ತಾಮ್ರವಲ್ಲ, ರಬ್ಬರೂ ದಪ್ಪಗಿರುತ್ತದೆ.

ಇನ್ನು ಡಬ್ಬಿಯ ಮೇಲಿನ ‘2.1 ವರ್ಷನ್’. ಇದೇ ಕೂಟಶಾಸನದ ಗುರುತು. ಆವೃತ್ತಿಯ ಅಂಕಿ ಯಂತ್ರಗಳ ನಿಯಮಾವಳಿಯದು, ಕೇಬಲ್ಲಿನದಲ್ಲ. ಕೇಬಲ್ಲಿಗೆ ಅಧಿಕೃತವಾಗಿ ಇರುವುದು ಬಿರುದು ಮಾತ್ರ. ಅಸಲಿ ಅಲ್ಟ್ರಾದ ಹೊದಿಕೆಯ ಮೇಲೆ ಆ ಪೂರ್ತಿ ಬಿರುದು ಇರಬೇಕು, ಡಬ್ಬಿಯ ಮೇಲೆ ಮಿರುಗುವ ಚೀಟಿಯಿರಬೇಕು, ಅದರ ಕ್ಯೂಆರ್ ಚೌಕವನ್ನು ಎಚ್‌ಡಿಎಂಐನವರದೇ ಆ್ಯಪಿನಲ್ಲಿ ಹಿಡಿದರೆ ಹೌದು ಅನ್ನಬೇಕು. ಫ್ಲೀಟ್ ಸಾಹೇಬರಿಗೆ ಈ ಆ್ಯಪ್ ಸಿಕ್ಕಿದ್ದರೆ ಎಷ್ಟು ಪುಟ ಉಳಿಯುತ್ತಿತ್ತು!

ಡಿಸ್‌ಪ್ಲೇಪೋರ್ಟ್ ಪರಂಪರೆ 2006ರಲ್ಲಿ ಸ್ಥಾಪನೆಯಾದ ಬೇರೆ ಮಠ, ವೆಸಾ ಎಂಬುದು ಅದರ ಪೀಠ. ಅಲ್ಲಿ ಡಿಪಿ40, ಡಿಪಿ80 ಎಂದು ಅಂಕಿಯೇ ಬಿರುದು, ನಾಲ್ಕು ಸಾವಿರ ಕೋಟಿ, ಎಂಟು ಸಾವಿರ ಕೋಟಿ ಬಿಟ್ ಎಂದರ್ಥ. 20 ಪಿನ್ನುಗಳಲ್ಲಿ 20ನೆಯದು ಕೇಬಲ್ಲಿನೊಳಗೆ ಮೌನವ್ರತದಲ್ಲಿರಬೇಕೆಂದು ನಿಯಮ. ಅಗ್ಗದವರು ಅದನ್ನೂ ಜೋಡಿಸಿಬಿಡುತ್ತಾರೆ. ಆಗ ಮಾನಿಟರಿನ 3.3 ವೋಲ್ಟ್ ಹಿಮ್ಮುಖವಾಗಿ ಕಂಪ್ಯೂಟರಿಗೆ ಹರಿದು, ಆಫ್ ಮಾಡಿದ ಯಂತ್ರ ಅರೆನಿದ್ದೆಯಲ್ಲಿ ಗೊಣಗುತ್ತದೆ, ಕೆಲವು ಆನ್ ಆಗಲೇ ಒಲ್ಲೆ ಅನ್ನುತ್ತವೆ.

ಫಲಶ್ರುತಿ

ಎರಡನೆಯ ಯಾತ್ರೆಯಲ್ಲಿ ಬೇರೆ ಅಂಗಡಿ. ಎರಡು ಮೀಟರ್, ಸಾದಾ ಕಪ್ಪು, ಹೆಣಿಗೆಯಿಲ್ಲ, ಮೈಮೇಲೆ ಪೂರ್ತಿ ಬಿರುದು. 900 ರೂಪಾಯಿ. ಕೌಂಟರಿನಲ್ಲೇ ಫೋನ್ ಹಿಡಿದು ಚೀಟಿ ಪರೀಕ್ಷಿಸಿದೆ. ಅಂಗಡಿಯವನು ಹಳೆಯ ನೋಟಿನಲ್ಲಿ ಗಾಂಧಿ ಹುಡುಕುವವನನ್ನು ನೋಡುವಂತೆ ನನ್ನನ್ನು ನೋಡಿದ. ಮನೆಗೆ ಬಂದು ಸಿಕ್ಕಿಸಿ, ಏನು ನುಣುಪು, ಏನು ಓಟ ಎಂದು ಅರ್ಧ ಗಂಟೆ ಹೊಗಳಿದೆ. ಮಗ ಬಂದು ಡಿಸ್‌ಪ್ಲೇ ಸೆಟಿಂಗ್ ತೆರೆದ. “ಅಪ್ಪ, ಇದು 60ರಲ್ಲಿದೆ.” ಹೊಸದಾಗಿ ಸಿಕ್ಕಿಸಿದಾಗ ಯಂತ್ರ 60ಕ್ಕೆ ಇಳಿದು ಕೂತಿತ್ತು. 144 ಮಾಡಿದ. ನಾನು ಕುರ್ಚಿಯಿಂದ 27 ಸಲ ಎದ್ದು ಕೂತೆ. ಒಮ್ಮೆಯೂ ಕತ್ತಲಾಗಲಿಲ್ಲ.

ಐದು ಮೀಟರಿನ ಚಿನ್ನದ ಕೇಬಲ್ಲನ್ನು ಮುಂದಿನ ಸಂಶೋಧಕರಿಗೆಂದು ಅಟ್ಟಕ್ಕೆ ಹಾಕಿದ್ದೆ. ಮೊನ್ನೆ ಮಹಡಿಗೆ ಹೋದರೆ ನೀರಿನ ಟ್ಯಾಂಕಿನ ಪೈಪಿನಿಂದ ಸಜ್ಜೆಯ ಕೊಕ್ಕೆಗೆ ಬಿಗಿಯಾಗಿ ಕಟ್ಟಿದೆ. ಅದರ ಮೇಲೆ ನನ್ನ ಮೂರು ಪಂಚೆ, ಮಗನ ಎರಡು ಜೀನ್ಸು. ನಡುವೆ ಜೋತಿಲ್ಲ, ಹೆಣಿಗೆ ಗಟ್ಟಿ. ಏಪ್ರಿಲ್ ಬಿಸಿಲಿಗೆ ಕರಗಿ ಬಟ್ಟೆಗೆ ಅಂಟುತ್ತದೆ ಎಂದು ನಾನು ಆಕ್ಷೇಪ ಎತ್ತಿದೆ.

“80 ಡಿಗ್ರಿ ತಡೆಯುತ್ತೆ ಅಂತ ಅದರ ಮೇಲೇ ಬರ್ದಿದೆಯಲ್ರೀ” ಅಂದಳು, ಕ್ಲಿಪ್ಪು ಹಾಕುತ್ತ.