ಮಂಚಾಂತರ ಮೀಮಾಂಸೆ: ಅಮೆರಿಕದ ಸಿಟ್‌ಕಾಮ್‌ಗಳಲ್ಲಿ ಗೃಹಸ್ಥಧರ್ಮ

ಅಮೆರಿಕದ ಟೀವಿ ಸಂಸಾರಗಳ ನೀತಿನಡತೆ ಹೇಗೆ ಬದಲಾಯಿತೆಂದು ಸಂಭಾಷಣೆಯಲ್ಲಿ ಹುಡುಕಹೊರಟವರು ನಗುತ್ತ ಕೂತರೇ ಹೊರತು ತೀರ್ಮಾನಕ್ಕೆ ಬರಲಿಲ್ಲ. ಧರ್ಮಸೂಕ್ಷ್ಮ ಅಡಗಿರುವುದು ಮರದ ಸಾಮಾನಿನಲ್ಲಿ ಎಂಬುದು ನಮ್ಮ ಪಕ್ಷ. ಗಂಡನ ಮಂಚಕ್ಕೂ ಹೆಂಡತಿಯ ಮಂಚಕ್ಕೂ ನಡುವಿನ ಜಾಗವೇ ಪ್ರಮಾಣ, ಮಿಕ್ಕದ್ದೆಲ್ಲ ಅರ್ಥವಾದ.

ಕಾಲ ಸರಿದಂತೆ ಸಂಕೋಚ ಸಡಿಲವಾಯಿತೆನ್ನುವುದು ಪೂರ್ವಪಕ್ಷ. ಅದು ಸಲ್ಲದು. ಆ ದೇಶದ ಮೊದಲ ಸಿಟ್‌ಕಾಮ್ ಎನ್ನಲಾಗುವ, 1947ರ 'ಮೇರಿ ಕೇ ಆಂಡ್ ಜಾನಿ'ಯಲ್ಲಿ ದಂಪತಿಗೆ ಇದ್ದದ್ದು ಒಂದೇ ಮಂಚ. ಅದರ ಕಂತುಗಳು ಬಹುಪಾಲು ನಷ್ಟವಾಗಿರುವುದರಿಂದ ಲುಪ್ತಶಾಖೆಯೆಂದು ಎಣಿಸತಕ್ಕದ್ದು. ಮಂಚ ಎರಡಾದದ್ದು ಆಮೇಲೆ.

1951ರಲ್ಲಿ 'ಐ ಲವ್ ಲೂಸಿ' ಬಂತು. ಅದರಲ್ಲಿ ದಂಪತಿಯಾಗಿ ನಟಿಸಿದ ಲೂಸಿಲ್ ಬಾಲ್, ಡೆಸಿ ಅರ್ನಾಜ್ ಮನೆಯಲ್ಲೂ ಗಂಡಹೆಂಡಿರೇ. ತೆರೆಯ ಮೇಲೆ ಮಾತ್ರ ಇಬ್ಬರಿಗೂ ಬೇರೆ ಬೇರೆ ಹಾಸಿಗೆ. ಹೀಗಿದ್ದೂ ಲೂಸಿ ಬಸುರಾದಳು. ಇದನ್ನು ತರ್ಕಶಾಸ್ತ್ರ ಹೇಗೆ ಒಪ್ಪಿತೋ, ಅದನ್ನು ಪ್ರಸಾರ ಮಾಡುತ್ತಿದ್ದ ಸಿಬಿಎಸ್ ವಾಹಿನಿಯಂತೂ 'ಬಸುರಿ' ಎಂಬ ಮಾತನ್ನೇ ಒಪ್ಪಲಿಲ್ಲ. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ ಸ್ಕ್ರಿಪ್ಟನ್ನು ಓದಿ ತಲೆಯಾಡಿಸಬೇಕಿತ್ತು. (ನಮ್ಮ ಸೀಮಂತಕ್ಕೆ ಒಬ್ಬರೇ ಪುರೋಹಿತರು ಸಾಕು.) 1953ರ ಜನವರಿ 19ರಂದು ತೆರೆಯ ಮೇಲೂ ಆಸ್ಪತ್ರೆಯಲ್ಲೂ ಒಂದೇ ದಿನ ಗಂಡುಮಗು. ನೋಡಿದವರು ಸುಮಾರು 4.4 ಕೋಟಿ. ಮರುದಿನ ಐಸೆನ್‌ಹೋವರ್ ಅಧ್ಯಕ್ಷಪದವಿಯ ಪ್ರಮಾಣ ಸ್ವೀಕರಿಸಿದಾಗ ನೋಡಿದವರು ಸುಮಾರು 2.9 ಕೋಟಿ. ಮಹಾಯುದ್ಧ ಗೆದ್ದ ಸೇನಾನಿ ಬಾಣಂತಿಕೋಣೆಯೆದುರು ಸೋತ.

ಮಂಚಗಳು ಮತ್ತೆ ಕೂಡಿದ ಬಗೆಯಂತೂ ವಿಚಾರಣೀಯ. 1960ರಲ್ಲಿ ಶುರುವಾದ 'ದಿ ಫ್ಲಿಂಟ್‌ಸ್ಟೋನ್ಸ್'ನಲ್ಲಿ ದಂಪತಿಗೆ ಒಂದೇ ಹಾಸಿಗೆ. ಅವರು ಕಾರ್ಟೂನು, ಮೇಲಾಗಿ ಶಿಲಾಯುಗದವರು. 1964ರ 'ಬಿವಿಚ್ಡ್'ನಲ್ಲೂ ಒಂದೇ, ಹೆಂಡತಿ ಮಾಟಗಾತಿ. ಅದೇ ವರ್ಷದ 'ದಿ ಮನ್‌ಸ್ಟರ್ಸ್'ನಲ್ಲಿ ಗಂಡ ಫ್ರಾಂಕೆನ್‌ಸ್ಟೈನ್ ಕೈಯಲ್ಲಿ ತಯಾರಾದವನು, ಹೆಂಡತಿ ರಕ್ತಪಿಶಾಚಿ. ಲೂಸಿಗೆ ಸಿಗದ ಸಲಿಗೆ ಪಿಶಾಚಿಗೆ ಸಿಕ್ಕಿತು. ಒಂದೇ ಮಂಚಕ್ಕೆ ಅಧಿಕಾರಿ ಯಾರೆಂಬ ಪ್ರಶ್ನೆ ಇಲ್ಲಿಗೆ ಬಗೆಹರಿದಂತೆ.

ಮಲಗುವ ಕೋಣೆ ಇತ್ಯರ್ಥವಾದ ಮೇಲೆ ಉಳಿದದ್ದು ಬಚ್ಚಲು. 1969ರ 'ದಿ ಬ್ರೇಡಿ ಬಂಚ್'ನಲ್ಲಿ ಗಂಡಹೆಂಡತಿ, ಆರು ಮಕ್ಕಳು, ಒಬ್ಬ ಕೆಲಸದಾಕೆ. ಮಕ್ಕಳ ಬಚ್ಚಲನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಅದರಲ್ಲಿ ಕಕ್ಕಸಿನ ಸುಳಿವೇ ಇಲ್ಲ. ಮನೆಯ ನಕ್ಷೆ ಹಾಕಿದವನು ಗಂಡನೇ, ಅವನ ವೃತ್ತಿ ಆರ್ಕಿಟೆಕ್ಟು. ನಮ್ಮಲ್ಲಾದರೆ ವಾಸ್ತುದೋಷ, ಅಲ್ಲಿ ಸಭ್ಯತೆ. 1971ರ 'ಆಲ್ ಇನ್ ದಿ ಫ್ಯಾಮಿಲಿ'ಯಲ್ಲಿ ಕಕ್ಕಸು ಕಾಣದಿದ್ದರೂ ಮಹಡಿಯಿಂದ ಫ್ಲಶ್ಶಿನ ಸದ್ದು ಕೇಳಿಸಿತು. ಅಮೆರಿಕದ ಟೀವಿ ಸಂಸಾರಕ್ಕೆ ಜೀರ್ಣಾಂಗ ಪ್ರಾಪ್ತವಾಯಿತು. ಆ ಮನೆಯ ಯಜಮಾನ ಆರ್ಚಿ ಬಂಕರ್ ಕೂತು ಜಗತ್ತನ್ನೆಲ್ಲ ಬೈಯುತ್ತಿದ್ದ ಕುರ್ಚಿ 1978ರಲ್ಲಿ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು. ಮರದ ಸಾಮಾನೇ ಪ್ರಮಾಣವೆಂಬ ನಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಸರ್ಕಾರಿ ಮುದ್ರೆ ಬೇಕೆ?

1992ರಲ್ಲಿ 'ಮರ್ಫಿ ಬ್ರೌನ್' ಸಿಟ್‌ಕಾಮ್‌ನ ನಾಯಕಿ ಮದುವೆಯಿಲ್ಲದೆ ತಾಯಾದಳು. ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಭಾಷಣದಲ್ಲೇ ಅವಳನ್ನು ಆಕ್ಷೇಪಿಸಿದರು. ಅವಳು ಕಲ್ಪಿತ ಪಾತ್ರ, ಅವರು ಅಲ್ಲ. ಗಂಡನೇ ಇಲ್ಲದಲ್ಲಿ ಮಂಚಾಂತರ ಶೂನ್ಯವೋ ಅನಂತವೋ ಎಂಬ ಜಟಿಲ ಪ್ರಶ್ನೆಯನ್ನು ಅವರು ಎತ್ತಲೇ ಇಲ್ಲ.

ಇನ್ನು 2009ರ 'ಮಾಡರ್ನ್ ಫ್ಯಾಮಿಲಿ'. ಮುದುಕ ಗಂಡ, ಎಳೆಯ ಹೆಂಡತಿ, ಇಬ್ಬರು ಗಂಡಸರು ಕಟ್ಟಿಕೊಂಡ ಸಂಸಾರ: ಒಂದಕ್ಕೂ ಮರೆಯಿಲ್ಲ. ಹಾಗೆಂದು ಸಂಕೋಚ ಸತ್ತಿಲ್ಲ, ಸೋಫಾಕ್ಕೆ ವಲಸೆ ಬಂದಿದೆ. ಲೂಸಿ ನೋಡುಗರಿಂದ ಮುಚ್ಚಿಟ್ಟದ್ದು ಗಂಡನಿಗೆ ಗೊತ್ತಿತ್ತು. ಇವರು ಮನೆಮಂದಿಗೆ ಹೇಳಲಾಗದ್ದನ್ನು ಸೋಫಾದ ಮೇಲೆ ಕೂತು ಕ್ಯಾಮೆರಾಕ್ಕೆ ಹೇಳುತ್ತಾರೆ; ಪಕ್ಕದಲ್ಲಿರುವ ಗಂಡ ಈಗಷ್ಟೇ ಕೇಳಿಸಿಕೊಂಡವನಂತೆ ಕತ್ತು ಹೊರಳಿಸುತ್ತಾನೆ. 2020ರವರೆಗೆ 250 ಕಂತು ನಡೆದರೂ ಆ ಕ್ಯಾಮೆರಾ ಯಾರದು, ಮನೆಯೊಳಗೇಕೆ ಬಂತು ಎಂಬುದನ್ನು ವಿವರಿಸಿಯೇ ಇಲ್ಲ. ಅದನ್ನು ಹಿಡಿದು ನಿಂತವನಿಗೆ ಒಂದು ಲೋಟ ಕಾಫಿ ಕೊಟ್ಟಂತೆಯೂ ಕಾಣಲಿಲ್ಲ.